ಕೊಟ್ಟವನು ಕೋಡಂಗಿ

ಪುಸ್ತಕ ಕೆಟ್ಟದಾಗಿದ್ದರೆ ಮುಚ್ಚಿಟ್ಟು ಮಲಗಬಹುದು. ಚೆನ್ನಾಗಿದ್ದೂ ನಿರಾಸೆಗೊಳಿಸುವ ಪುಸ್ತಕ ಮಾತ್ರ ನಿದ್ರೆ ಕೆಡಿಸುತ್ತದೆ. ಈ ಬೇಸಿಗೆಯ ರಜೆಯಲ್ಲಿ ನನಗೆ ಗಂಟುಬಿದ್ದುದು ಈ ಎರಡನೆಯ ಜಾತಿಯದು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರನ್ನು ತಡೆದು ನಿಲ್ಲಿಸಿದ ವೈಮಾನಿಕರ ಕಥೆ. ನಾಲ್ಕುನೂರು ಪುಟಗಳ ಇಂಗ್ಲಿಷ್ ಗ್ರಂಥ. ಅದರ ಹೆಸರು ಬೇಡ. ನನ್ನ ತಕರಾರು ಒಬ್ಬ ಲೇಖಕನ ಮೇಲಲ್ಲ, ಒಂದು ಅಭ್ಯಾಸದ ಮೇಲೆ.

ಶಹಾಪುರದ ಬಿಸಿಲು ಎಂಥದೆಂದು ಸಗರನಾಡಿನವರಿಗೆ ಹೇಳಬೇಕಾಗಿಲ್ಲ. ಅಂಥ ಮಧ್ಯಾಹ್ನಗಳಲ್ಲಿ, ಮಲಗಿದ ಬುದ್ಧನಂತೆ ತೋರುವ ನಮ್ಮೂರ ಬೆಟ್ಟದ ಮಗ್ಗುಲಲ್ಲಿ ಕುಳಿತು, ಇಂಗ್ಲಿಷ್ ಕಾಲುವೆಯ ಮಂಜಿನ ಮೇಲೆ ಹಾರಾಡುವುದು ಸುಖವಾಗಿಯೇ ಇತ್ತು. ಜುಲೈಯಿಂದ ಅಕ್ಟೋಬರಿನ ತನಕ ನಡೆದ ಆ ಕದನದಲ್ಲಿ ಬ್ರಿಟಿಷ್ ಪಕ್ಷದ ಐನೂರಕ್ಕೂ ಹೆಚ್ಚು ವೈಮಾನಿಕರು ಮಡಿದರು. ಇಪ್ಪತ್ತರ ಆಚೀಚಿನ ಹುಡುಗರು. ಲೇಖಕ ಅವರ ನಗೆಯನ್ನೂ ಭಯವನ್ನೂ ಬಲು ಚೆನ್ನಾಗಿ ಹಿಡಿದಿದ್ದಾನೆ. ಅಳು ಬರುವ ಪುಟಗಳು ಇಲ್ಲದಿಲ್ಲ.

ನನ್ನ ಕೈಯಲ್ಲಿ ಪುಸ್ತಕ ಕಂಡ ಒಬ್ಬ ವಿದ್ಯಾರ್ಥಿ ಕೇಳಿದ: "ಇದರಾಗ ನಮ್ಮ ಕಡೆಯವರು ಯಾರರೆ ಅದಾರೇನ್ರಿ ಸರ?"

ಉತ್ತರವನ್ನು ಹುಡುಕುತ್ತ ಹೋದಂತೆ ನನ್ನ ನಿರಾಸೆಯೂ ಬೆಳೆಯಿತು. ಪುಸ್ತಕದಲ್ಲಿ 152 ಎಂಬ ಸಂಖ್ಯೆಯ ಸ್ಕ್ವಾಡ್ರನ್ ಬರುತ್ತದೆ. ವಾರ್ಮ್‌ವೆಲ್‌ನಿಂದ ಸ್ಪಿಟ್‌ಫೈರ್ ವಿಮಾನಗಳಲ್ಲಿ ಏರಿ ದಕ್ಷಿಣ ತೀರವನ್ನು ಕಾಯುತ್ತದೆ. 253 ಎಂಬುದೂ ಬರುತ್ತದೆ. ಕೆನ್ಲಿಯಿಂದ ಹರಿಕೇನ್ ವಿಮಾನಗಳಲ್ಲಿ ಹೋರಾಡುತ್ತದೆ. ಆದರೆ ಮೊದಲನೆಯದರ ಪೂರ್ಣ ಹೆಸರು 'ಹೈದರಾಬಾದ್ ಸ್ಕ್ವಾಡ್ರನ್', ಎರಡನೆಯದು 'ಹೈದರಾಬಾದ್ ಸಂಸ್ಥಾನ ಸ್ಕ್ವಾಡ್ರನ್' ಎಂಬ ಸಂಗತಿ ನಾಲ್ಕುನೂರು ಪುಟಗಳಲ್ಲಿ ಎಲ್ಲಿಯೂ ಇಲ್ಲ. 152ರ ಲಾಂಛನ ನಿಜಾಮರ ಪೇಟ. ಅದರ ಧ್ಯೇಯವಾಕ್ಯ 'ನಂಬುಗೆಯ ಮಿತ್ರ'. ಅದು ಬ್ರಿಟಿಷರು ನಿಜಾಮರಿಗೆ ಕೊಟ್ಟಿದ್ದ ಬಿರುದು. ಮೊದಲ ಮಹಾಯುದ್ಧದಲ್ಲಿಯೂ, 1918ರಲ್ಲಿ, 110ನೆಯ ಸ್ಕ್ವಾಡ್ರನ್ನಿನ ವಿಮಾನಗಳು ನಿಜಾಮರ ಕೊಡುಗೆಯಾಗಿದ್ದುವು. 1941ರಲ್ಲಿ ಮೈಸೂರಿನ ಹೆಸರಿನ 129ನೆಯ ಸ್ಕ್ವಾಡ್ರನ್ ಹುಟ್ಟಿದಾಗ ನಮ್ಮ ಗಂಡಭೇರುಂಡವೇ ಅದರ ಲಾಂಛನವಾಯಿತು. ಎರಡು ತಲೆಯ ಪಕ್ಷಿಗೆ ವಿಮಾನಕ್ಕಿಂತ ಒಪ್ಪುವ ವಾಹನ ಬೇರೆ ಯಾವುದಿದ್ದೀತು?

'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ನಾನು ನಿಜಾಮರ ಔದಾರ್ಯಕ್ಕೆ ಜಯಕಾರ ಹಾಕಲು ಹೊರಟವನಲ್ಲ. ಆಗ ಶಹಾಪುರ, ಸುರಪುರ, ಯಾದಗಿರಿಗಳೆಲ್ಲ ಅವರ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದುವು. ಆ ಸಂಸ್ಥಾನದ ವರಮಾನದಲ್ಲಿ ದೊಡ್ಡ ಪಾಲು ಭೂಕಂದಾಯ. ಅಂದರೆ ಕಪ್ಪು ನೆಲದಲ್ಲಿ ಜೋಳ ಬಿತ್ತಿ, ಮುಗಿಲು ನೋಡುತ್ತ ಕೂತವನ ದುಡ್ಡು. ಮುಗಿಲಿನಲ್ಲಿ ಅವನು ಹುಡುಕುತ್ತಿದ್ದುದು ಮಳೆಯನ್ನು, ಸ್ಪಿಟ್‌ಫೈರನ್ನಲ್ಲ. ಅವನನ್ನು ಯಾರೂ ಕೇಳಲಿಲ್ಲ. ಕೇಳಲು ಸಂಸ್ಥಾನದಲ್ಲಿ ಪ್ರಜೆಗೆ ಬಾಯಿಯೇ ಇರಲಿಲ್ಲ. ಆ ಆಳಿಕೆ ಮುಗಿದುದು 1948ರ ಸೆಪ್ಟೆಂಬರಿನಲ್ಲಿ. ಸ್ವಾತಂತ್ರ್ಯವಿಲ್ಲದವರ ಹಣ ಇನ್ನೊಬ್ಬರ ಸ್ವಾತಂತ್ರ್ಯವನ್ನು ಕಾಯಿತು ಎಂಬ ಮಾತು ಹೊಗಳಿಕೆಯೋ ತೆಗಳಿಕೆಯೋ ಓದುಗರೇ ತೀರ್ಮಾನಿಸಲಿ. ಆದರೆ ಅದು ಇತಿಹಾಸ. ಪುಸ್ತಕ ಅದನ್ನು ಹೇಳಿದ್ದರೆ ಆ ಹುಡುಗರ ಶೌರ್ಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದರೆ ಪುಸ್ತಕ ದಪ್ಪವಾಗುವುದಿಲ್ಲವೆ ಎಂದು ಕೇಳಬಹುದು. ಕನ್ನಡದ ಮೇಷ್ಟ್ರಾದ ನನಗೆ ಇಲ್ಲಿ ನೆನಪಾಗುವುದು ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನ. ಗಂಗ ಬೂತುಗನ ಮೆಚ್ಚಿಗೆ ಪಡೆದ ಮಣಲೇರ ಬಹುಮಾನವಾಗಿ ಬೇಡಿದುದು ಒಂದು ನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತುವು. ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಟ್ಟರು. ನಾಯಿಯ ಹೆಸರು ಕಾಳಿ ಎಂದು ಇಂದಿಗೂ ನಮಗೆ ಗೊತ್ತು. ಒಂದು ಕಲ್ಲಿನಲ್ಲಿ ನಾಯಿಯ ಹೆಸರಿಗೆ ಜಾಗವಿತ್ತು. ನಾಲ್ಕುನೂರು ಪುಟಗಳಲ್ಲಿ ಒಂದು ಸಂಸ್ಥಾನದ ಹೆಸರಿಗೆ ಜಾಗವಿರಲಿಲ್ಲ!

ಪುಸ್ತಕದಿಂದ ಇಷ್ಟೊಂದು ಬಯಸಬಾರದೆಂದೂ ಕೆಲವರು ಹೇಳಿಯಾರು. ಏಕೆ ಬಯಸಬಾರದು? 1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸರಗೋಧಾ ದಾಳಿಗೆ ಹೋದವರು ಮರಳಲಿಲ್ಲ. ಅವರೇನಾದರೆಂಬುದು ನಮ್ಮವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರನ ಪುಸ್ತಕ ಹೊರಬಂತು. ಪಾಕಿಸ್ತಾನದ ಕಡೆಯ ದಾಖಲೆಗಳಿಂದ ಬರೆದುದು. ಹಳೆಯ ಮಿಸ್ಟೇರ್ ವಿಮಾನವೊಂದು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿತ್ತೆಂಬ ಸಂಗತಿ ಅದರಲ್ಲಿತ್ತು. ಆ ಮಿಸ್ಟೇರ್ ದೇವಯ್ಯನವರದು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ, ಅವರಿಗೆ ಮಹಾವೀರ ಚಕ್ರ ಸಂದಿತು. ಎದುರು ಪಕ್ಷದ ಕಥೆ ಬರೆಯಲು ಕುಳಿತವನ ಪುಸ್ತಕವೊಂದು ನಮ್ಮ ಮನೆಯ ಮಗನನ್ನು ನಮಗೆ ಮರಳಿ ಕೊಟ್ಟಿತು. ಒಂದು ಸಾಲಿನ ಶಕ್ತಿ ಅಷ್ಟು. ಬರೆಯದೆ ಬಿಟ್ಟ ಸಾಲಿನ ಶಕ್ತಿಯೂ ಅಷ್ಟೇ.

ಪುಸ್ತಕವನ್ನು ಆ ವಿದ್ಯಾರ್ಥಿಗೇ ಕೊಟ್ಟೆ. 110, 152, 253, 129 ಎಂದು ಬರೆದು, ಮುಂದೆ ಸಂಸ್ಥಾನಗಳ ಹೆಸರು ಹಾಕಿದ ಒಂದು ಚೀಟಿಯನ್ನು ಒಳಗಿಟ್ಟಿದ್ದೇನೆ. ಅವನ ತಾತ ತೊಗರಿ, ಜೋಳ ಬೆಳೆದವರು. ಓದಿ ಮುಗಿಸಿದ ಮೇಲೆ ಚೀಟಿಯ ಕೆಳಗೆ ಇನ್ನೊಂದು ಹೆಸರನ್ನು ಅವನೇ ಸೇರಿಸಲಿ.