ನನಗೆ ಗೊತ್ತಿತ್ತು, ನನ್ನ ಪಾತ್ರಕ್ಕೆ ಗೊತ್ತಿರಲಿಲ್ಲ

ಅಭ್ಯಾಸ ಬೋಧನೆಯ ಆರನೆಯ ಪಾಠಕ್ಕೆ ನಾನು ಪಾತ್ರಾಭಿನಯ ವಿಧಾನವನ್ನು ಆರಿಸಿಕೊಂಡಿದ್ದೆ. ವಿಷಯ, ಸಂಗೊಳ್ಳಿ ರಾಯಣ್ಣನ ಹೋರಾಟ. ಪಾಠಯೋಜನೆಯಲ್ಲಿ 12 ನಿಮಿಷ ಎಂದು ಬರೆದಿದ್ದ ಚಟುವಟಿಕೆ ಎರಡೇ ನಿಮಿಷಕ್ಕೆ ಮುಗಿದುಹೋಯಿತು. ರಾಯಣ್ಣನಾಗಿದ್ದ ಹುಡುಗ ಹಿಂದಿನ ಬೆಂಚಿನ ಕೆಳಗೆ ಅಡಗಿದ. ಕಂಪನಿಯ ಸಿಪಾಯಿಯಾಗಿದ್ದವನು ನೇರವಾಗಿ ಆ ಬೆಂಚಿಗೇ ಹೋಗಿ ಅವನ ಕಾಲು ಹಿಡಿದು ಎಳೆದ. ತರಗತಿಯೆಲ್ಲ ನಕ್ಕಿತು. ಎಳೆಸಿಕೊಂಡವನು ಮಾತ್ರ ನಗಲಿಲ್ಲ. "ಸರ್, ಇದು ಮೋಸ ಐತ್ರಿ. ನಾ ಅಡಗೂದನ್ನ ಅಂವ ಮೊದ್ಲ ನೋಡಿದ್ದ" ಎಂದ. ಕಣ್ಣಲ್ಲಿ ನೀರಿತ್ತು. ಹಿಂದಿನ ಐದು ಪಾಠಗಳಲ್ಲಿ ಒಮ್ಮೆಯೂ ಬಾಯಿ ಬಿಡದಿದ್ದ ಹುಡುಗ ಅವನು. ಆ ದಿನ ರಾಯಣ್ಣನ ಪಾತ್ರ ತನಗೆ ಬೇಕೆಂದು ತಾನಾಗಿ ಕೈ ಎತ್ತಿದ್ದ. ನಾನು "ಇರಲಿ ಬಿಡಪ್ಪ, ಆಟ ಅಲ್ಲವೇ" ಎಂದು ಹೇಳಿ ಕಪ್ಪುಹಲಗೆಯ ಸಾರಾಂಶಕ್ಕೆ ಹೋದೆ. ಅವಲೋಕನಕ್ಕೆ ಕೂತಿದ್ದ ಸಹಪಾಠಿ "ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಿದರು" ಎಂದು ಬರೆದುಕೊಟ್ಟರು.

"ಆಟ ಅಲ್ಲವೇ" ಎಂಬ ಮಾತನ್ನು ನಾನು ಅದಕ್ಕೆ ಎರಡು ತಿಂಗಳ ಹಿಂದೆ ಇನ್ನೊಬ್ಬನಿಗೂ ಹೇಳಿದ್ದೆ. ಆ ಸಂಜೆ ಬಸ್ಸಿನಲ್ಲಿ ಬರುವಾಗ ಅದು ನೆನಪಾಯಿತು.

ಪದವಿ ಓದುವಾಗಿನ ಗೆಳೆಯರು ನಾವು ಐದು ಜನ ಶನಿವಾರ ರಾತ್ರಿ ಆನ್‌ಲೈನ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿ 1974ರಲ್ಲಿ ಹೊರತಂದ ಆಟ ಇದು. ಮೊದಲು ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುತ್ತಿದ್ದರು. ನಾವು ಡಿಸ್ಕಾರ್ಡ್‌ನಲ್ಲಿ ಮಾತಾಡಿಕೊಂಡು, ರೋಲ್ ಟ್ವೆಂಟಿ ಎಂಬ ತಾಣದಲ್ಲಿ ನಕ್ಷೆ ನೋಡಿಕೊಂಡು ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಅವನನ್ನು ಡಿ.ಎಂ. ಎನ್ನುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆಂದು ನಾವು ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಅಡಗುವುದಕ್ಕೂ ಲೆಕ್ಕವಿದೆ. ಅಡಗುವವನು ದಾಳ ಹಾಕಿ, ಬಂದ ಸಂಖ್ಯೆಗೆ ತನ್ನ ಚುರುಕುತನದ ಅಂಕ ಕೂಡಿಸುತ್ತಾನೆ. ನೋಡುವವನು ಹುಡುಕುತ್ತಿಲ್ಲದಿದ್ದರೂ ಅವನ ಕಣ್ಣು ಕಿವಿ ಪೂರ್ತಿ ಮುಚ್ಚಿರುವುದಿಲ್ಲವಲ್ಲ, ಹಾಗಾಗಿ ಅವನಿಗೆ 10ರ ಜೊತೆ ಅವನ ಗ್ರಹಿಕೆಯ ಅಂಕ. ಮಬ್ಬು ಬೆಳಕಿದ್ದರೆ ಅದರಲ್ಲಿ 5 ಕಡಿಮೆ. ನನ್ನ ಪಾತ್ರ ಒಬ್ಬ ದಡ್ಡ ಕತ್ತಿಯಾಳು. ಅವನ ಅಂಕ ಹಗಲಿನಲ್ಲೇ 9. ಗೆಳೆಯನ ಪಾತ್ರ ಕುಳ್ಳ ಕಳ್ಳ. ಆ ರಾತ್ರಿ, ಆರುತ್ತಿರುವ ಬೆಂಕಿಯ ಬೆಳಕಿನಲ್ಲಿ, ನಾವೆಲ್ಲ ಮಲಗಿದ ಮೇಲೆ ಅವನು ಪೆಟ್ಟಿಗೆಯಿಂದ ಒಂದು ಪತ್ರ ತೆಗೆಯಬೇಕೆಂದಿದ್ದ. ದಾಳದಲ್ಲಿ 12 ಬಿತ್ತು, ಅವನ 7 ಸೇರಿ 19. ಕಾವಲಿಗೆ ಕೂತಿದ್ದ ನನ್ನ ಆಳಿನದು ಆ ಕತ್ತಲಲ್ಲಿ 4. ಹತ್ತಿರ ಬಂದು ಮೂಗು ಹಿಡಿದರೂ ತಿಳಿಯುವ ಹಾಗಿರಲಿಲ್ಲ.

ಆದರೆ ಅವನು ಡಿ.ಎಂ.ಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಎಲ್ಲರದೂ ಒಂದೇ ಕರೆ. "ನನಗೆ ಯಾಕೋ ನಿದ್ದೆ ಬರ್ತಿದೆ, ಪೆಟ್ಟಿಗೆಗೆ ಒರಗಿ ಕೂತ್ಕೊತೀನಿ" ಎಂದೆ. ಎಲ್ಲರೂ ನಕ್ಕರು. ನಿಯಮದ ಪ್ರಕಾರ ತಪ್ಪೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಮಾಡಿದ್ದೆ ನೋಡಿ, ಅದೇ ಅದರ ಕೆಟ್ಟತನ. ಕಾವಲುಗಾರ ಎಲ್ಲಾದರೂ ಕೂರಬಹುದು. ಆದರೆ ಅಷ್ಟು ಹೊತ್ತು ಇಲ್ಲದ ನಿದ್ದೆ, ಅಷ್ಟು ಜಾಗ ಬಿಟ್ಟು ಪೆಟ್ಟಿಗೆಗೇ ಒರಗಬೇಕೆಂಬ ಆಸೆ ನನ್ನ ಕತ್ತಿಯಾಳಿಗೆ ಎಲ್ಲಿಂದ ಬಂತು? ಗೆಳೆಯ ಮೂರು ವಾರದಿಂದ ಕಟ್ಟಿಕೊಂಡು ಬಂದಿದ್ದ ಕಥೆ ಅದು. "ಇದೇನೋ ಇದು" ಎಂದ. "ಆಟ ಅಲ್ಲವೇ" ಎಂದೆ. ಮುಂದಿನ ಶನಿವಾರ ಅವನು ನೆಟ್‌ವರ್ಕ್ ಇಲ್ಲ ಎಂದ. ಅದರ ಮುಂದಿನ ಶನಿವಾರ ಏನನ್ನೂ ಹೇಳಲಿಲ್ಲ.

ಅಡಗುವವರೂ ಮೋಸ ಮಾಡುತ್ತಾರೆ, ಅದನ್ನೂ ಹೇಳಬೇಕು. ಎಲ್ಲ ಮುಗಿದ ಮೇಲೆ "ನಾನು ಆಗಿನಿಂದ ಇಲ್ಲೇ ಅಡಗಿದ್ದೆ" ಎನ್ನುವವರನ್ನು ಕಂಡಿದ್ದೇನೆ. ಎದುರಿಗೆ ಸ್ಪಷ್ಟವಾಗಿ ಕಾಣುತ್ತಿರುವಾಗ ಯಾರೂ ಅಡಗಲಾರರು. ಎಲ್ಲಿ, ಯಾವುದರ ಮರೆಯಲ್ಲಿ ಎಂದು ಮೊದಲೇ ಹೇಳಬೇಕು, ಹುಡುಕುವವನಿಗೆ ಹಿಡಿಯಲು ಏನಾದರೊಂದು ಎಳೆ ಉಳಿದಿರಬೇಕು. ಕಣ್ಣಿಗೆ ಕಾಣದಂತೆ ಮಂತ್ರ ಹಾಕಿಕೊಂಡವನ ಹೆಜ್ಜೆ ಸಪ್ಪಳವೂ ಕೇಳಿಸುತ್ತದೆ. ಇವಕ್ಕೆಲ್ಲ ನಿಯಮವಿದೆ. ಕೇಳಿಸಿಕೊಂಡದ್ದನ್ನು ಕೇಳಿಲ್ಲದವನಂತೆ ಇರುವುದಕ್ಕೆ ಮಾತ್ರ ದಾಳವಿಲ್ಲ.

ನಮ್ಮವರಿಗೆ ಇದು ಹೊಸದೇನಲ್ಲ. ಬಯಲಾಟದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವ ಪ್ರಸಂಗವನ್ನು ನೋಡಿದವರಿಗೆ ಗೊತ್ತು. ದುರ್ಯೋಧನನ ವೇಷ ಅಲ್ಲೇ ನಾಲ್ಕು ಮಾರು ದೂರದಲ್ಲಿ ಕೂತಿರುತ್ತದೆ, ಭೀಮನ ಕಣ್ಣಿಗೆ ಅದು ಬೀಳುವುದಿಲ್ಲ. ಭೀಮ ಹಾಗೆ ಹುಡುಕದಿದ್ದರೆ ನೋಡುವವರಿಗೆ ಅಲ್ಲಿ ಕೊಳವೇ ಇಲ್ಲ.

ನನ್ನ ತರಗತಿಯಲ್ಲಿ ಕಾಡೂ ಇರಲಿಲ್ಲ. ನಾನೇ ಅದನ್ನು ಕಟ್ಟಿಕೊಟ್ಟಿರಲಿಲ್ಲ. ಎಲ್ಲರೆದುರಿಗೆ ಒಬ್ಬನನ್ನು ಬೆಂಚಿನ ಕೆಳಗೆ ಕಳಿಸಿ, ನೋಡಿಕೊಂಡೇ ನಿಂತಿದ್ದವನಿಗೆ "ಹುಡುಕು" ಎಂದಿದ್ದೆ. ಸಿಪಾಯಿಯಾಗಿದ್ದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಮಾಡಿದ್ದು ನಾನು ಪೆಟ್ಟಿಗೆಯ ಹತ್ತಿರ ಮಾಡಿದ್ದನ್ನೇ. ವ್ಯತ್ಯಾಸವೆಂದರೆ ಬೇರೆ ಥರ ಆಡಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎರಡು ದಿನದ ಬಳಿಕ ಅದೇ ತರಗತಿಯಲ್ಲಿ ಪುನರಾವರ್ತನೆಯ ಅವಧಿ ಕೇಳಿ ಪಡೆದೆ. ಈ ಸಲ ಸಿಪಾಯಿಗಳನ್ನು ವರಾಂಡಕ್ಕೆ ಕಳಿಸಿದೆ. ಪ್ರತಿಯೊಬ್ಬರಿಗೂ ಒಂದು ಚೀಟಿ: ಅದರಲ್ಲಿ ಅವರ ಪಾತ್ರಕ್ಕೆ ಗೊತ್ತಿರುವುದಷ್ಟೇ. ಸಿಪಾಯಿಯ ಚೀಟಿಯಲ್ಲಿ "ರಾತ್ರಿ ಸರ್ಕಾರಿ ಕಚೇರಿಗೆ ಬೆಂಕಿ ಬಿದ್ದಿದೆ. ಎಷ್ಟು ಜನ ಬಂದಿದ್ದರೆಂದು ಗೊತ್ತಿಲ್ಲ" ಎಂದಿತ್ತು. ರಾಯಣ್ಣನ ಗುಂಪು ತಾನು ಅಡಗಿದ ಜಾಗ ಬರೆದು ನನಗೆ ಕೊಡಬೇಕು, ಒಂದು ಗುರುತು ಬಿಟ್ಟು ಹೋಗಬೇಕು. ಅವರು ಒಂದು ಚಪ್ಪಲಿ ಬಿಟ್ಟರು. ಊರಿನವರಾಗಿದ್ದ ನಾಲ್ವರಲ್ಲಿ ಒಬ್ಬಳ ಚೀಟಿಯಲ್ಲಿ ಮಾತ್ರ ಅಡಗುತಾಣ ಬರೆದಿತ್ತು. ಯಾರ ಚೀಟಿ ಎಂದು ಉಳಿದವರಿಗೆ ಗೊತ್ತಿಲ್ಲ.

ಸಿಪಾಯಿಗಳು ಒಳಗೆ ಬಂದು ಚಪ್ಪಲಿ ನೋಡಿದರು, ತಪ್ಪು ದಿಕ್ಕಿಗೆ ಹೋದರು, ತಿರುಗಿ ಬಂದರು. ನಂತರ ಊರಿನವರನ್ನು ಕೇಳತೊಡಗಿದರು. ಮೊದಲ ದಿನ ಕಾಲು ಎಳೆದಿದ್ದ ಹುಡುಗನೇ ಅಂದ: "ಸರ್, ಇವರೊಳಗ ಯಾರರ ಹೇಳೂತನಕ ನಮಗ ಸಿಗೂದಿಲ್ರಿ." ಪಠ್ಯಪುಸ್ತಕದಲ್ಲಿ ರಾಯಣ್ಣನನ್ನು ಮೋಸದಿಂದ ಹಿಡಿದರು, ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿದರು ಎಂದು ಎರಡು ಸಾಲಿದೆ. ಮೋಸವೇ ಯಾಕೆ ಬೇಕಾಯಿತು ಎಂದು ಕೇಳಲು ನಾನು ಬರೆದುಕೊಂಡಿದ್ದ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಚೀಟಿ ಇದ್ದ ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಉಳಿದೇಹೋಯಿತು. ಮಾರ್ಗದರ್ಶಕರು "ಸಮಯ ಪಾಲನೆ ಗಮನಿಸಿ" ಎಂದು ಬರೆದರು. ಸರಿಯಾದ ಮಾತೇ.

ಬೆಂಚಿನ ಕೆಳಗಿದ್ದ ಹುಡುಗ ಈ ಸಲ ಅಲ್ಮಾರಿಯ ಹಿಂದಿನಿಂದ ಧೂಳು ಕೊಡವಿಕೊಳ್ಳುತ್ತ ಬಂದ. "ಸಿಗಲಿಲ್ಲ ನೋಡ್ರಿ" ಎಂದ, ನನಗಲ್ಲ, ಸಿಪಾಯಿಗೆ.

ಆ ರಾತ್ರಿ ಗೆಳೆಯನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಇನ್ನು ಮೇಲೆ ಗುಟ್ಟಿನ ಮಾತು ಡಿ.ಎಂ.ಗೆ ಬೇರೆಯಾಗಿ ಬರೆದು ಕಳಿಸೋಣ, ಆದರೆ ಕೇಳಿಸಿದರೂ ಕೇಳಿಲ್ಲ ಎಂದೇ ಆಡುತ್ತೇನೆ ಎಂದೆ. ಅವನು ಹ್ಞೂಂ ಎಂದ. ಕೊನೆಗೆ ತಡೆಯಲಾಗದೆ ಆ ಪತ್ರದಲ್ಲಿ ಏನಿತ್ತು ಎಂದು ಕೇಳಿದೆ.

"ನಿನ್ನ ಕತ್ತಿಯಾಳು ಮಲಗಿದಾನೆ, ಅವನನ್ನ ಯಾಕೆ ಎಬ್ಬಿಸ್ತೀಯಾ" ಎಂದು ನಕ್ಕ. ಈ ಶನಿವಾರ ಬರುತ್ತಾನಂತೆ.