ಅಳಿಸಿಹೋದ ಉತ್ತರಗಳು, ಉಳಿದುಹೋದ ಕಣ್ಣೀರು

ಹಳೆಯ ಸಿನಿಮಾಗಳು ಸಿ.ಡಿ.ಯಾಗಿ ಬಂದವು. ಹಳೆಯ ಧಾರಾವಾಹಿಗಳು ಡಿವಿಡಿಯಾಗಿ ಬಂದವು. ಆದರೆ ಟಿ.ವಿ.ಯಲ್ಲಿ ಎಂದೋ ಮುಗಿದುಹೋದ ಕ್ವಿಝ್ ಕಾರ್ಯಕ್ರಮವನ್ನು ಯಾರಾದರೂ ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಉತ್ತರ ಗೊತ್ತಾದ ಮೇಲೆ ಪ್ರಶ್ನೆಯಲ್ಲೇನು ಸ್ವಾರಸ್ಯ? ಗೆದ್ದವರು ಯಾರೆಂದು ತಿಳಿದ ಮೇಲೆ ಆಟದಲ್ಲೇನು ಉಳಿಯುತ್ತದೆ?

ಅಮೆರಿಕದಲ್ಲಿರುವ ಅಕ್ಕನ ಮಗ ರಜೆಯಲ್ಲಿ ಊರಿಗೆ ಬಂದಾಗ ‘ಪಾಸ್‌ವರ್ಡ್’ ಎಂಬ ಹಳೆಯ ಆಟದ ಡಿವಿಡಿಗಳನ್ನು ತಂದುಕೊಟ್ಟಾಗ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆಗಳಿವು. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಪ್ರತಿವರ್ಷ ನಡೆಸುವ ಸೀರತ್ ಕ್ವಿಝ್‌ಗೆ ಪ್ರಶ್ನೆ ತಯಾರಿಸುವ ಕೆಲಸ ನನ್ನದೆಂದು ಅವನಿಗೆ ಗೊತ್ತು. “ಖಾಲಾ, ನಿಮಗೆ ಏನಾದರೂ ಉಪಯೋಗಕ್ಕೆ ಬರಬಹುದು” ಎಂದ. ಅಮೆರಿಕದಲ್ಲಿ ಮಾರುವ ಡಿವಿಡಿಗಳಿಗೆ ಸಾಮಾನ್ಯವಾಗಿ ಒಂದನೇ ವಲಯದ ಸಂಕೇತ, ಭಾರತದವುಗಳಿಗೆ ಐದನೇ ವಲಯದ್ದು. ಹೀಗಾಗಿ ನಮ್ಮ ಪ್ಲೇಯರ್‌ನಲ್ಲಿ ಅದು ಓಡಲಿಲ್ಲ. ಮಗಳು ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು.

ಆಟ ಬಹಳ ಸರಳ. ಒಬ್ಬರಿಗೆ ಒಂದು ಪದವನ್ನು ಗುಟ್ಟಾಗಿ ಕೊಡುತ್ತಾರೆ. ಅವರು ಒಂದೇ ಒಂದು ಪದದಲ್ಲಿ ಸುಳಿವು ನೀಡಬೇಕು, ಜೊತೆಗಾರರು ಊಹಿಸಬೇಕು. ಪ್ರತಿ ಜೋಡಿಯಲ್ಲಿ ಒಬ್ಬರು ಪ್ರಸಿದ್ಧರು, ಮತ್ತೊಬ್ಬರು ಸಾಮಾನ್ಯರು. 2008ರಲ್ಲಿ ಹೊರಬಂದ ಈ ಡಿವಿಡಿಯಲ್ಲಿರುವುದು 1960ರ ದಶಕದ ಸಂಚಿಕೆಗಳು. ನನ್ನ ಗಮನ ಸೆಳೆದದ್ದು ಪ್ರಸಿದ್ಧರಲ್ಲ, ಅವರ ಪಕ್ಕದಲ್ಲಿ ಕುಳಿತ ಗೃಹಿಣಿಯರು. ಅವರಿಗೆ ಯಾರೂ ಸಂಭಾಷಣೆ ಬರೆದುಕೊಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸುತ್ತಾರೆ, ತಟ್ಟನೆ ಹೊಳೆದಾಗ ಮುಖ ಅರಳುತ್ತದೆ. ಸಿನಿಮಾದಲ್ಲಿ ಅಳುವ ಹೆಣ್ಣನ್ನು ನಾವು ಸಾಕಷ್ಟು ನೋಡಿದ್ದೇವೆ. ಯೋಚಿಸುತ್ತಿರುವ ಹೆಣ್ಣನ್ನು ಎಷ್ಟು ಸಲ ನೋಡಿದ್ದೇವೆ?

ಇಂತಹ ಚಿತ್ರಗಳು ಉಳಿದದ್ದೇ ಅಪರೂಪ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಟಿ.ವಿ. ಕಂಪೆನಿಗಳಿಗೆ 1956ರಲ್ಲಿ ವೀಡಿಯೊ ಟೇಪ್ ಬಂತು. ಎರಡು ಇಂಚು ಅಗಲದ ಆ ಟೇಪ್ ದುಬಾರಿಯಾಗಿತ್ತು. ಅದನ್ನು ಅಳಿಸಿ ಮತ್ತೆ ಬಳಸಬಹುದಿತ್ತು. ಹಾಗಾದರೆ ಯಾವುದನ್ನು ಅಳಿಸುವುದು? ಹಗಲು ಹೊತ್ತಿನಲ್ಲಿ, ಹೆಂಗಸರು ಮನೆಗೆಲಸದ ನಡುವೆ ನೋಡುವ ಆಟಗಳನ್ನು! ಅವುಗಳಿಗೆ ಮುಂದೆ ಬೆಲೆ ಬಂದೀತೆಂದು ಹೆಚ್ಚಿನವರಿಗೆ ಅನಿಸಲೇ ಇಲ್ಲ.

‘ಜೆಪರ್ಡಿ’ ಎಂಬ ಪ್ರಸಿದ್ಧ ಕ್ವಿಝ್‌ನ ಕಥೆಯನ್ನೇ ನೋಡಿ. ಅದರ ನಿರ್ಮಾಪಕ ಮರ್ವ್ ಗ್ರಿಫಿನ್. ಆದರೆ ಅದರ ಮೂಲ ಯೋಚನೆ ಅವರ ಪತ್ನಿ ಜೂಲನ್ ಅವರದ್ದು. ಪ್ರಶ್ನೆ ಕೇಳಿ ಉತ್ತರ ಪಡೆಯುವ ಬದಲು ಉತ್ತರವನ್ನೇ ಕೊಟ್ಟು ಪ್ರಶ್ನೆಯನ್ನು ಕೇಳಿದರೆ ಹೇಗೆ ಎಂದು ವಿಮಾನ ಪ್ರಯಾಣದಲ್ಲಿ ಆಕೆ ಗಂಡನಿಗೆ ಹೇಳಿದರು. ಉದಾಹರಣೆಗೆ, ‘5280’ ಎಂಬುದು ಉತ್ತರವಾದರೆ ‘ಒಂದು ಮೈಲಿಗೆ ಎಷ್ಟು ಅಡಿ?’ ಎಂಬುದು ಪ್ರಶ್ನೆ. ಆ ಕಾರ್ಯಕ್ರಮ 1964ರಿಂದ 1975ರವರೆಗೆ ಎನ್‌ಬಿಸಿ ಟಿ.ವಿ.ಯಲ್ಲಿ ಹಗಲು ಹೊತ್ತು ನಡೆಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಸಂಚಿಕೆಗಳು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಆ ಹನ್ನೊಂದು ವರ್ಷಗಳಲ್ಲಿ ಉತ್ತರ ಹೇಳಿದ ಎಷ್ಟೋ ಶಿಕ್ಷಕಿಯರು, ಗೃಹಿಣಿಯರು, ಗುಮಾಸ್ತರು ಅಳಿಸಿಹೋದರು. ‘ವಾಟ್ಸ್ ಮೈ ಲೈನ್’ ಎಂಬ ಇನ್ನೊಂದು ಆಟದ ಸಂಚಿಕೆಗಳು ಮಾತ್ರ ಹೆಚ್ಚಿನ ಸಂಖ್ಯೆಯಲ್ಲಿ ಉಳಿದವು. ಫಿಲ್ಮ್‌ಗಳು ನಾಶವಾಗುತ್ತಿವೆಯೆಂದು ತಿಳಿದ ನಿರ್ಮಾಪಕರು 1952ರಲ್ಲಿ ತಾವೇ ಖರ್ಚು ವಹಿಸಿಕೊಂಡು ಉಳಿಸಲು ಮುಂದಾದರು. ಯಾರಾದರೂ ಒಬ್ಬರು ‘ಇದು ಬೇಕು’ ಎಂದು ಹೇಳಿದರೆ ಮಾತ್ರ ವಸ್ತು ಉಳಿಯುತ್ತದೆ.

ಹಳೆಯ ಆಟ ಉಳಿದರೆ ಮನರಂಜನೆಯಷ್ಟೇ ಅಲ್ಲ, ಸಾಕ್ಷಿಯೂ ಉಳಿಯುತ್ತದೆ. 1956ರಲ್ಲಿ ‘ಟ್ವೆಂಟಿ ಒನ್’ ಎಂಬ ಕ್ವಿಝ್ ಅಮೆರಿಕದಲ್ಲಿ ಮನೆಮಾತಾಗಿತ್ತು. ಹರ್ಬರ್ಟ್ ಸ್ಟೆಂಪೆಲ್ ಎಂಬವರು ವಾರಗಟ್ಟಲೆ ಗೆಲ್ಲುತ್ತಿದ್ದರು. ಅವರ ಎದುರು ಚಾರ್ಲ್ಸ್ ವಾನ್ ಡೋರೆನ್ ಎಂಬ ಸುಂದರ ಕಾಲೇಜು ಅಧ್ಯಾಪಕರನ್ನು ತಂದು ನಿಲ್ಲಿಸಿದರು. ಸೋಲಬೇಕೆಂದು ಸ್ಟೆಂಪೆಲ್‌ಗೆ ನಿರ್ಮಾಪಕರದ್ದೇ ಆದೇಶ. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ‘ಮಾರ್ಟಿ’ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೇಕೆಂದೇ ತಪ್ಪು ಹೇಳಿದರು. ವಾನ್ ಡೋರೆನ್ ಒಟ್ಟು 1,29,000 ಡಾಲರ್ ಗೆದ್ದರು. ಕೊನೆಗೆ 1959ರ ನವೆಂಬರ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ, ತನಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರೆಂದು ಒಪ್ಪಿಕೊಂಡರು. ಮರುವರ್ಷ ಇಂತಹ ಮೋಸವನ್ನು ಅಪರಾಧವೆಂದು ಸಾರುವ ಕಾನೂನು ಬಂತು.

ಆ ಸಂಚಿಕೆಗಳ ಫಿಲ್ಮ್ ಉಳಿದಿದೆ. ಗಾಜಿನ ಕೋಣೆಯಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಾ, ಉತ್ತರ ನೆನಪಿಸಿಕೊಳ್ಳುವಂತೆ ನಟಿಸುವ ಮುಖಗಳನ್ನು ಈಗಲೂ ನೋಡಬಹುದು. ಸುಳ್ಳು ಎಷ್ಟು ಸೊಗಸಾಗಿ ಕಾಣುತ್ತದೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ. ನಮ್ಮ ಪ್ರತಿಯೊಂದು ಕರ್ಮವನ್ನೂ ಬರೆದಿಡುವ ಮಲಕ್‌ಗಳಿದ್ದಾರೆಂದು ಚಿಕ್ಕಂದಿನಲ್ಲೇ ಕಲಿತ ನಮಗೆ ದಾಖಲೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇಲ್ಲಿ ಕೆಲವು ಸಹೋದರಿಯರು ಒಂದು ಪ್ರಶ್ನೆ ಕೇಳಬಹುದು. ಬಹುಮಾನದ ಆಟವೆಂದರೆ ಜೂಜಲ್ಲವೇ? ಮದ್ಯ ಮತ್ತು ಜೂಜನ್ನು ಕುರ್‌ಆನ್ ಒಟ್ಟಿಗೇ ನಿಷೇಧಿಸಿದೆಯಲ್ಲವೇ? ನಿಜ. ತನ್ನ ಹಣವನ್ನು ಪಣಕ್ಕಿಟ್ಟು, ಒಬ್ಬನ ಸೋಲು ಇನ್ನೊಬ್ಬನ ಲಾಭವಾಗುವ ಯಾವುದೇ ಆಟವನ್ನು ಕ್ವಿಝ್ ಎಂದು ಕರೆದ ಮಾತ್ರಕ್ಕೆ ಅದು ಹಲಾಲ್ ಆಗದು. ಹಣ ಕಡಿತಗೊಳ್ಳುವ ಎಸ್ಸೆಮ್ಮೆಸ್ ಕಳುಹಿಸಿ ಅದೃಷ್ಟ ಪರೀಕ್ಷಿಸಿ ಎಂಬ ಸ್ಪರ್ಧೆಗಳ ಬಗ್ಗೆ ಎಚ್ಚರಿಕೆ ಅಗತ್ಯ. ಆದರೆ ತಿಳುವಳಿಕೆಗೆ ಸಿಗುವ ಬಹುಮಾನ ಬೇರೆ. ಸೂಕ್ಷ್ಮ ವಿಷಯಗಳನ್ನು ಉಲಮಾಗಳಲ್ಲಿ ಕೇಳಿ ತಿಳಿಯೋಣ. ನನ್ನ ಮಾತಿರುವುದು ಹಳೆಯದನ್ನು ಉಳಿಸುವ ಮತ್ತು ಮತ್ತೆ ಹೊರತರುವ ಬಗ್ಗೆ.

ಹೊರತರುವುದು ಅಷ್ಟು ಸುಲಭವೂ ಅಲ್ಲ. ನಿರ್ಮಾಪಕರ ಹಕ್ಕು, ಟಿ.ವಿ. ಕಂಪೆನಿಯ ಹಕ್ಕು, ಸಂಗೀತದ ಹಕ್ಕು ಎಲ್ಲವೂ ಅಡ್ಡ ಬರುತ್ತವೆ. ‘ಐ ಹ್ಯಾವ್ ಗಾಟ್ ಎ ಸೀಕ್ರೆಟ್’ ಎಂಬ ಆಟವನ್ನು ಪ್ರಾಯೋಜಿಸುತ್ತಿದ್ದುದು ಸಿಗರೇಟ್ ಕಂಪೆನಿ. ಆ ಜಾಹೀರಾತು ಕಾರ್ಯಕ್ರಮದೊಳಗೇ ಬೆರೆತುಹೋಗಿತ್ತು. ಇನ್ನು ವಸ್ತುಗಳ ಬೆಲೆ ಊಹಿಸುವ ‘ದ ಪ್ರೈಸ್ ಈಸ್ ರೈಟ್’. 1972ರಿಂದ 2007ರವರೆಗೆ ಅದನ್ನು ನಡೆಸಿಕೊಟ್ಟವರು ಬಾಬ್ ಬಾರ್ಕರ್. ಪ್ರಾಣಿದಯೆಗೆ ಹೆಸರಾದ ಅವರು, ಪ್ರಾಣಿಗಳ ತುಪ್ಪಳದ ಕೋಟುಗಳನ್ನು ಬಹುಮಾನವಾಗಿ ನೀಡುವುದನ್ನು ನಿಲ್ಲಿಸಿದರು. ಅಂತಹ ಕೋಟುಗಳಿದ್ದ ಹಳೆಯ ಸಂಚಿಕೆಗಳು ಮರುಪ್ರಸಾರವಾಗುವುದನ್ನೂ ಅವರು ಬಯಸಲಿಲ್ಲ. 2008ರಲ್ಲಿ ಈ ಆಟವೂ ಡಿವಿಡಿಯಾಗಿ ಬಂತು.

ಮೂಕಪ್ರಾಣಿಯ ಚರ್ಮಕ್ಕಾಗಿ ಒಬ್ಬ ಮನುಷ್ಯ ಇಷ್ಟು ಅಳುಕುವುದು ಮೆಚ್ಚತಕ್ಕದ್ದು. ಹಾಗಾದರೆ ಮನುಷ್ಯರ ಮಾನಕ್ಕಾಗಿ ಎಷ್ಟು ಅಳುಕಬೇಕು? ಈ ಪ್ರಶ್ನೆ ಹುಟ್ಟಿದ್ದು ‘ಕ್ವೀನ್ ಫಾರ್ ಎ ಡೇ’, ಅಂದರೆ ‘ಒಂದು ದಿನದ ರಾಣಿ’ ಎಂಬ ಕಾರ್ಯಕ್ರಮವನ್ನು ನೋಡಿದಾಗ. ರೇಡಿಯೋದಲ್ಲಿ ಆರಂಭವಾಗಿ 1956ರಿಂದ 1964ರವರೆಗೆ ಅಮೆರಿಕದಾದ್ಯಂತ ಟಿ.ವಿ.ಯಲ್ಲಿ ಬಂದ ಆಟವದು. ಪ್ರತಿದಿನ ಕೆಲವು ಮಹಿಳೆಯರು ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಕಾಯಿಲೆಯ ಮಗು, ಕೆಲಸವಿಲ್ಲದ ಗಂಡ, ಮನೆಯ ಬಡತನ. ಕೊನೆಗೆ ಪ್ರೇಕ್ಷಕರು ಒಬ್ಬೊಬ್ಬರಿಗೂ ಚಪ್ಪಾಳೆ ತಟ್ಟಬೇಕು. ಚಪ್ಪಾಳೆಯನ್ನು ಅಳೆಯಲು ಒಂದು ಮಾಪಕ. ಮುಳ್ಳು ಯಾರ ಪಾಲಿಗೆ ಹೆಚ್ಚು ಮೇಲೇರುತ್ತದೋ ಅವಳೇ ರಾಣಿ! ಅವಳಿಗೆ ಕಿರೀಟ, ಮಕ್ಮಲಿನ ನಿಲುವಂಗಿ, ಗುಲಾಬಿ ಹೂಗಳು, ಅವಳು ಕೇಳಿದ ವಸ್ತು ಮತ್ತು ಇನ್ನಷ್ಟು ಬಹುಮಾನಗಳು. ಉಳಿದವರ ದುಃಖ ಅಂದಿನ ಮಟ್ಟಿಗೆ ಸಾಕಷ್ಟು ದೊಡ್ಡದಾಗಿರಲಿಲ್ಲ ಅಷ್ಟೇ.

ಇದರ ಕೆಲವೇ ಸಂಚಿಕೆಗಳು ಉಳಿದಿವೆ. ಇವುಗಳನ್ನು ಡಿಸ್ಕ್ ಮಾಡಿ ಮಾರಬಹುದೇ? ಒಂದು ಕಡೆ, ಇದೂ ಸಾಕ್ಷಿ. ಬಡ ಹೆಣ್ಣಿನ ಕಣ್ಣೀರನ್ನು ವಾಷಿಂಗ್ ಮೆಷಿನ್ ಮಾರಲು ಹೇಗೆ ಬಳಸಲಾಯಿತೆಂದು ತಿಳಿಯಲು ಇದು ಬೇಕು. ಇನ್ನೊಂದು ಕಡೆ, ಆ ಮಹಿಳೆ ಒಪ್ಪಿದ್ದು ಒಂದು ಮಧ್ಯಾಹ್ನಕ್ಕೆ. ಅಂದು ಪ್ರಸಾರವಾದದ್ದು ಗಾಳಿಯಲ್ಲಿ ಕರಗುತ್ತದೆಂದು ಅವಳು ನಂಬಿದ್ದಳು. ಅವಳ ಮೊಮ್ಮಕ್ಕಳ ಕಾಲದಲ್ಲಿ ಅಂಗಡಿಯಲ್ಲಿ ಮಾರಾಟಕ್ಕಿಡಲು, ಬೇಕಾದಾಗ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ನೋಡಲು ಅವಳು ಒಪ್ಪಿಗೆ ಕೊಟ್ಟಿದ್ದಳೇ? ವಿದ್ವಾಂಸರ ಅಧ್ಯಯನಕ್ಕೆ ಗ್ರಂಥಾಲಯದಲ್ಲಿ ಇರಲಿ. ಊಟದ ನಂತರದ ಮನರಂಜನೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ‘ಪಾಸ್‌ವರ್ಡ್’ನ ಗೃಹಿಣಿ ತೋರಿಸಿದ್ದು ತನ್ನ ಬುದ್ಧಿಯನ್ನು. ಇವಳು ತೋರಿಸಬೇಕಾಗಿ ಬಂದದ್ದು ತನ್ನ ಗಾಯವನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈ ವಿವೇಕ ನಮ್ಮ ಹಿರಿಯರಲ್ಲಿತ್ತು. ತೊಂಬತ್ತರ ದಶಕದಲ್ಲಿ ಮದುವೆಗಳಿಗೆ ವೀಡಿಯೊ ಬಂದಾಗ ನಮ್ಮ ಮನೆಗಳಲ್ಲಿ ನಡೆದ ಚರ್ಚೆ ನಿಮಗೂ ನೆನಪಿರಬಹುದು. “ಹೆಂಗಸರ ಕಡೆ ಕ್ಯಾಮರಾ ಬೇಡ. ಇವತ್ತು ನಮ್ಮ ಕೈಯಲ್ಲಿರುವ ಕ್ಯಾಸೆಟ್ ನಾಳೆ ಯಾರ ಕೈ ಸೇರುತ್ತದೋ” ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಕಾಲಕ್ಕೆ ಹೊಂದಿಕೊಳ್ಳದವರೆಂದು ಹುಡುಗರು ನಕ್ಕರು. ಆದರೆ ಒಮ್ಮೆ ಚಿತ್ರ ತೆಗೆದರೆ ಅದರ ಪ್ರಯಾಣ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಅಜ್ಜಿ ಯಾವ ಕಾನೂನು ಪುಸ್ತಕವನ್ನೂ ಓದದೆ ತಿಳಿದಿದ್ದರು.

ಇಂದು ನಮ್ಮೆಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮರಾ ಇದೆ. ರಮಝಾನ್ ತಿಂಗಳಲ್ಲಿ ರೇಶನ್ ಕಿಟ್ ಹಂಚುವಾಗ ಪಡೆಯುವವಳನ್ನು ಸಾಲಿನಲ್ಲಿ ನಿಲ್ಲಿಸಿ ವೀಡಿಯೊ ಮಾಡುತ್ತೇವೆ. ಚಿಕಿತ್ಸೆಗೆ ನೆರವು ಕೇಳುವ ತಾಯಿ ಅತ್ತರೆ ಹೆಚ್ಚು ಹಣ ಬರುತ್ತದೆಂದು ಅಳುವ ತುಣುಕನ್ನೇ ಹಂಚುತ್ತೇವೆ. ಅಂದಿನ ಚಪ್ಪಾಳೆಯ ಮಾಪಕಕ್ಕೂ ಇಂದಿನ ಲೈಕ್‌ಗಳಿಗೂ ಏನು ವ್ಯತ್ಯಾಸ? ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಂತೆ ದಾನ ಮಾಡಲು ಕಲಿಸಿದವರು ನಮ್ಮ ಪ್ರವಾದಿ(ಸ). ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬಾರದೆಂದು ಸೂರಃ ಅಲ್ ಬಕರದಲ್ಲಿ ಎಚ್ಚರಿಕೆ ಇದೆ. ಲೆಕ್ಕಪತ್ರಕ್ಕೆ ದಾಖಲೆ ಬೇಕಾದರೆ ಹೆಸರು, ಸಹಿ ಸಾಕು. ಮುಖ ಏಕೆ ಬೇಕು?

ಹಾಗೆಂದು ಎಲ್ಲವನ್ನೂ ಮುಚ್ಚಿಡೋಣವೆಂದು ನಾನು ಹೇಳುತ್ತಿಲ್ಲ. ಉಳಿಸಬೇಕಾದದ್ದು ಬಹಳಷ್ಟಿದೆ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟ ‘ಕ್ವಿಝ್ ಟೈಮ್’ ಒಂದು ತಲೆಮಾರಿನ ವಿದ್ಯಾರ್ಥಿಗಳಲ್ಲಿ ಓದುವ ಹಂಬಲ ಹುಟ್ಟಿಸಿತು. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ತನ್ನ ಹಳೆಯ ಧಾರಾವಾಹಿಗಳನ್ನು ಮತ್ತೆ ತೋರಿಸಿದಾಗ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದರು. ಹಳೆಯ ಕ್ವಿಝ್‌ಗಳಿಗೂ ಅಂತಹ ಅವಕಾಶ ಸಿಗಲಿ. 2000ದಲ್ಲಿ ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಒಂದು ಕೋಟಿ ಗೆದ್ದ ಮೊದಲ ಮಹಿಳೆ ಯಾರು ಗೊತ್ತೇ? ಜಾರ್ಖಂಡ್‌ನ ಗಿರಿಡೀಹ್‌ನ ಗೃಹಿಣಿ ರಾಹತ್ ತಸ್ಲೀಮ್. 2010ರಲ್ಲಿ ಅವರು ಆ ಕುರ್ಚಿಯಲ್ಲಿ ಕುಳಿತು ಒಂದೊಂದೇ ಪ್ರಶ್ನೆ ಎದುರಿಸಿದ್ದನ್ನು ಇಡೀ ದೇಶ ನೋಡಿತು. ಮುಸ್ಲಿಮ್ ಮಹಿಳೆಗೆ ಏನೂ ತಿಳಿಯದೆಂದು ಹೇಳುವವರಿಗೆ ಭಾಷಣ ಬೇಡ, ಆ ಒಂದು ಸಂಚಿಕೆ ಸಾಕು. ಅದು ಕೈಗೆ ಸಿಗುವಂತೆ ಉಳಿಯಬೇಕು. ಇಂಟರ್‌ನೆಟ್‌ನಲ್ಲಿದೆಯಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಅಲ್ಲಿ ಹಾಕಿದವರು ಯಾವಾಗ ಬೇಕಾದರೂ ತೆಗೆಯಬಹುದು. ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ಬಂದು ತೆಗೆದುಕೊಂಡು ಹೋಗುವುದಿಲ್ಲ.

ನಮ್ಮ ಮನೆಗಳಲ್ಲೂ ಇಂತಹ ಸಂಪತ್ತಿದೆ. ಶಾಲಾ ಕ್ವಿಝ್‌ನಲ್ಲಿ ಗೆದ್ದ ಮಗಳು, ಕಿರಾಅತ್ ಸ್ಪರ್ಧೆಯಲ್ಲಿ ಓದಿದ ಮಗ, ಹಳೆಯ ಕಥೆ ಹೇಳುತ್ತಿರುವ ಅಜ್ಜ. ಕರಾವಳಿಯ ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗಳಿಗೆ ಬೂಸ್ಟ್ ಹಿಡಿಯುತ್ತದೆ. ಹಾಳಾಗುವ ಮೊದಲೇ ಸ್ಟುಡಿಯೋಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೇಲೆ ಯಾರು, ಯಾವ ವರ್ಷ, ಯಾವ ಊರು ಎಂದು ಬರೆದಿಡಿ. ಆದರೆ ಹಂಚುವ ಮೊದಲು ಅದರಲ್ಲಿರುವವರನ್ನು ಒಂದು ಮಾತು ಕೇಳಿ. ಅವರು ತೀರಿಕೊಂಡಿದ್ದರೆ ಅವರ ಸ್ಥಾನದಲ್ಲಿ ನಿಂತು ಯೋಚಿಸಿ.

ಯಾರ ಗೆಲುವು ಅಳಿಸಿಹೋಗಬಾರದು, ಯಾರ ಕಣ್ಣೀರು ಸಂತೆಗೆ ಬರಬಾರದು ಎಂಬ ತೀರ್ಮಾನ ಈಗ ದೊಡ್ಡ ಕಂಪೆನಿಗಳದ್ದು ಮಾತ್ರವಲ್ಲ. ಇತರರ ಮಾನವು ನಮ್ಮ ಕೈಯಲ್ಲಿರುವ ಅಮಾನತ್ತು. ಇನ್ನೊಬ್ಬರ ಕುಂದನ್ನು ಮುಚ್ಚಿದವರ ಕುಂದನ್ನು ಅಂತ್ಯದಿನದಲ್ಲಿ ಅಲ್ಲಾಹನು ಮುಚ್ಚುವನೆಂಬ ಭರವಸೆ ನಮಗಿದೆ. ಆ ಭರವಸೆಗೆ ಅರ್ಹರಾಗುವಂತೆ ಅವನು ನಮ್ಮೆಲ್ಲರನ್ನೂ ಅನುಗ್ರಹಿಸಲಿ.