ಹೆಪ್ಪು

ಹಳ್ಳಿಯ ಮನೆಗಳಲ್ಲಿ ಸಂಜೆಯ ಹೊತ್ತು ನೆರೆಮನೆಯ ಮಗುವೊಂದು ಸಣ್ಣ ಬಟ್ಟಲನ್ನು ಹಿಡಿದು ಬಂದು ಬಾಗಿಲಲ್ಲಿ ನಿಲ್ಲುವುದುಂಟು. "ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ ಬೇಕಂತೆ" ಎಂದು ಅದು ಕೇಳಿದರೆ ಯಾವ ಗೃಹಿಣಿಯೂ ಇಲ್ಲವೆನ್ನುವುದಿಲ್ಲ. ಒಂದು ಚಮಚ ಮಜ್ಜಿಗೆ ಹೋದುದರಿಂದ ಕೊಟ್ಟವರ ಗಡಿಗೆ ಬರಿದಾಗದು. ಪಡೆದವರ ಮನೆಯಲ್ಲಾದರೋ ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಮೊಸರು ಗಟ್ಟಿಯಾಗಿರುತ್ತದೆ. ಅಕ್ಕಿ, ಬೇಳೆ, ಹಣ ಮೊದಲಾದವು ಕೊಟ್ಟಷ್ಟೂ ಕಡಮೆಯಾಗುವ ವಸ್ತುಗಳು. ಹೆಪ್ಪು, ದೀಪದ ಕುಡಿ, ಹಾಡು, ವಿದ್ಯೆ ಇವು ಕೊಟ್ಟರೂ ಕುಂದದವು. ಕಂಪ್ಯೂಟರಿನ ಕಡತವೂ ಈ ಎರಡನೆಯ ಗುಂಪಿಗೇ ಸೇರಿದುದು. ಒಂದು ಯಂತ್ರದಿಂದ ಇನ್ನೊಂದಕ್ಕೆ ಅದನ್ನು ಕಳುಹಿಸಿದಾಗ ಮೂಲವು ಇದ್ದಲ್ಲಿಯೇ ಇರುತ್ತದೆ. ಅದರದೇ ಒಂದು ಪ್ರತಿ ಇನ್ನೊಂದೆಡೆ ಹುಟ್ಟಿಕೊಳ್ಳುತ್ತದೆ.

ಈ ಮಾತಿನ ಬೆಲೆಯನ್ನು ಮಲೆನಾಡಿನ ಒಂದು ಪ್ರೌಢಶಾಲೆ 2019ರ ಮಳೆಗಾಲದಲ್ಲಿ ಚೆನ್ನಾಗಿ ಅರಿತುಕೊಂಡಿತು.

ಆ ಶಾಲೆಯ ಕಚೇರಿಯ ಮೂಲೆಯಲ್ಲಿ ಹದಿನೈದು ವರ್ಷಗಳಷ್ಟು ಹಳೆಯದಾದ ಕಂಪ್ಯೂಟರ್ ಒಂದಿತ್ತು. ಅದರಲ್ಲಿ ಶಾಲೆಯ ಪತ್ರವ್ಯವಹಾರ, ಅಂಕಪಟ್ಟಿಗಳ ಜೊತೆಗೆ 312 ಜನಪದ ಹಾಡುಗಳ ಧ್ವನಿಮುದ್ರಣವೂ ಇತ್ತು. ಆ ಶಾಲೆಯಲ್ಲಿಯೇ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಮೇಷ್ಟ್ರೊಬ್ಬರು ಟೇಪ್ ರೆಕಾರ್ಡರನ್ನು ಹೆಗಲಿಗೇರಿಸಿ, ಗದ್ದೆಯ ಬದು ಹಿಡಿದು ಊರೂರು ನಡೆದು, ಮುದುಕಿಯರ ಎದುರು ಕುಳಿತು ಸಂಗ್ರಹಿಸಿದ ಹಾಡುಗಳು ಅವು: ಬೀಸುವ ಪದಗಳು, ನಾಟಿಯ ಪದಗಳು, ಸೋಬಾನೆಗಳು. ಮಲೆನಾಡಿನ ಮಳೆಗೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯತೊಡಗಿದಾಗ ಅವರು ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದರು. ಆಮೇಲೆ ಕ್ಯಾಸೆಟ್ಟುಗಳು ಹಾಳಾದವು. ಹಾಡಿದವರಲ್ಲಿ ಬಹುಮಂದಿ ತೀರಿಕೊಂಡರು. ಹಾಡುಗಳು ಉಳಿದದ್ದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ.

ಜುಲೈ ತಿಂಗಳ ಒಂದು ಶನಿವಾರ ಆ ಪೆಟ್ಟಿಗೆಯೊಳಗಿಂದ ಟಕ್ ಟಕ್ ಎಂಬ ಸದ್ದು ಕೇಳಿಬಂದಿತು. ವಿಜ್ಞಾನದ ಅಧ್ಯಾಪಕರು ಕಿವಿಗೊಟ್ಟು ಆಲಿಸಿ ಗಂಭೀರರಾದರು. ಹಾರ್ಡ್ ಡಿಸ್ಕ್ ಎಂಬುದು ಅತಿ ವೇಗವಾಗಿ ತಿರುಗುವ ತಟ್ಟೆ. ಕೂದಲೆಳೆಗಿಂತಲೂ ಕಿರಿದಾದ ಅಂತರದಲ್ಲಿ ಅದರ ಮೇಲೆ ಓದುವ ಮುಳ್ಳೊಂದು ಚಲಿಸುತ್ತಿರುತ್ತದೆ. ಆ ಮುಳ್ಳು ತನ್ನ ದಾರಿಯನ್ನು ಕಾಣದೆ ತಡವರಿಸುವಾಗ ಇಂಥ ಸದ್ದು ಬರುವುದುಂಟು. ಡಿಸ್ಕಿನ ಆಯುಷ್ಯ ಮುಗಿಯುತ್ತ ಬಂದಿತೆಂಬುದಕ್ಕೆ ಅದು ಸೂಚನೆ.

ಕಡತಗಳನ್ನು ಹೊರತೆಗೆಯುವ ಸುಲಭದ ದಾರಿಗಳೆಲ್ಲ ಮುಚ್ಚಿದ್ದವು. ಸಿಡಿ ಬರೆಯುವ ಭಾಗ ಎಂದೋ ಕೆಟ್ಟಿತ್ತು. ಪೆನ್ ಡ್ರೈವ್ ಸಿಕ್ಕಿಸುವ ಕಿಂಡಿಗಳು ವರ್ಷದ ಹಿಂದೆಯೇ ಕೆಲಸ ನಿಲ್ಲಿಸಿದ್ದವು. ಮಳೆಗಾಲದಲ್ಲಿ ಅಂತರ್ಜಾಲದ ಸಂಪರ್ಕ ಹೆಸರಿಗೆ ಮಾತ್ರ. ಡಿಸ್ಕನ್ನು ಬಿಚ್ಚಿ ಪಟ್ಟಣಕ್ಕೆ ಒಯ್ಯೋಣವೆಂದರೆ ಬಸ್ಸಿನ ಕುಲುಕಾಟವನ್ನು ಅದು ತಾಳೀತೆಂಬ ನಂಬಿಕೆಯಿಲ್ಲ. ಉಳಿದದ್ದು ಒಂದೇ ಉಪಾಯ: ದಾನಿಯೊಬ್ಬರು ಶಾಲೆಗೆ ಕೊಟ್ಟಿದ್ದ, ತಾನೂ ಸಾಕಷ್ಟು ಹಳೆಯದೇ ಆದ ಇನ್ನೊಂದು ಕಂಪ್ಯೂಟರನ್ನು ಪಕ್ಕದಲ್ಲಿಟ್ಟು, ಎರಡರ ನಡುವೆ ನೇರವಾಗಿ ಒಂದು ಕೇಬಲನ್ನು ಎಳೆಯುವುದು.

ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಕೇಬಲಿನಲ್ಲಿ ಎಂಟು ಸಣ್ಣ ತಂತಿಗಳು ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಹೀಗೆ ಹೊಸೆದಿರುವುದು ಅಂದಕ್ಕಾಗಿ ಅಲ್ಲ. ಹೊರಗಿನ ವಿದ್ಯುತ್ತಿನ ಗದ್ದಲವು ಒಳಗಿನ ಸಂಕೇತಗಳನ್ನು ಕೆಡಿಸದಿರಲೆಂದು. ಶಾಲೆಯಲ್ಲಿದ್ದ ಕೇಬಲನ್ನು ಎರಡು ಯಂತ್ರಗಳಿಗೂ ಸಿಕ್ಕಿಸಿದ್ದಾಯಿತು. ಆದರೆ ಸಂಪರ್ಕವನ್ನು ಸೂಚಿಸುವ ಪುಟ್ಟ ದೀಪ ಹೊತ್ತಿಕೊಳ್ಳಲಿಲ್ಲ.

ಒಂಬತ್ತನೆಯ ತರಗತಿಯ ಕೆಲವು ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಅಧ್ಯಾಪಕರು ಅವರತ್ತ ತಿರುಗಿ, "ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ಟೆಲಿಫೋನ್ ಆಟ ಆಡಿದ್ದೀರಲ್ಲ, ಇಬ್ಬರೂ ಪೊಟ್ಟಣವನ್ನು ಬಾಯಿಗೇ ಹಿಡಿದರೆ ಏನಾಗುತ್ತದೆ?" ಎಂದು ಕೇಳಿದರು.

"ಯಾರಿಗೂ ಏನೂ ಕೇಳಿಸುವುದಿಲ್ಲ, ಸಾರ್" ಎಂದಳು ಮುಂದೆ ನಿಂತಿದ್ದ ಹುಡುಗಿ.

"ಇಲ್ಲಿ ಆಗಿರುವುದೂ ಅದೇ, ಕಣಮ್ಮ."

ಆ ಬಗೆಯ ಯಂತ್ರಗಳಲ್ಲಿ 1 ಮತ್ತು 2ನೆಯ ತಂತಿಗಳು ಮಾತನಾಡುವ ಬಾಯಿ. 3 ಮತ್ತು 6ನೆಯವು ಕೇಳುವ ಕಿವಿ. ಸಾಮಾನ್ಯ ಕೇಬಲಿನಲ್ಲಿ ಬಾಯಿಗೆ ಬಾಯಿಯೇ ಎದುರಾಗುತ್ತದೆ, ಕಿವಿಗೆ ಕಿವಿ. ನಡುವೆ ಸ್ವಿಚ್ ಎಂಬ ಉಪಕರಣವಿದ್ದರೆ ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಅದು ಮುಟ್ಟಿಸುತ್ತದೆ. ಇಲ್ಲದಿದ್ದರೆ ಕೇಬಲಿನ ಒಂದು ತುದಿಯಲ್ಲಿ ತಂತಿಗಳನ್ನು ಅದಲು ಬದಲು ಮಾಡಬೇಕು. ಅಂಥದಕ್ಕೆ ಕ್ರಾಸ್‌ಓವರ್ ಕೇಬಲ್ ಎಂದು ಹೆಸರು. ಈಚಿನ ಯಂತ್ರಗಳು ಈ ಅದಲು ಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಆ ಎರಡು ಮುದಿ ಯಂತ್ರಗಳಿಗೆ ಆ ಜಾಣ್ಮೆ ಇರಲಿಲ್ಲ. ಊರಿನಲ್ಲಿ ಕೇಬಲ್ ಎಳೆಯುವ ಕೆಲಸದ ಯುವಕನೊಬ್ಬ ಮಳೆಯಲ್ಲಿ ನೆನೆಯುತ್ತಲೇ ಬಂದು, ಒಂದು ತುದಿಯನ್ನು ಕತ್ತರಿಸಿ, ಕಿತ್ತಳೆ ಬಣ್ಣದ ಜೋಡಿ ಇದ್ದಲ್ಲಿ ಹಸಿರನ್ನೂ ಹಸಿರು ಇದ್ದಲ್ಲಿ ಕಿತ್ತಳೆಯನ್ನೂ ಕೂಡಿಸಿ ಹೊಸ ಪ್ಲಗ್ ಒತ್ತಿದನು. ದೀಪ ಹೊತ್ತಿಕೊಂಡಿತು.

ದಾರಿಯಾಯಿತು, ಇನ್ನು ವಿಳಾಸ ಬೇಕು. ಹಳೆಯ ಯಂತ್ರಕ್ಕೆ 192.168.1.1 ಎಂದೂ ಮತ್ತೊಂದಕ್ಕೆ 192.168.1.2 ಎಂದೂ ಅಂಕಿಗಳ ವಿಳಾಸ ಕೊಟ್ಟರು. ಮೊದಲ ಮೂರು ಸಂಖ್ಯೆಗಳು ಕೇರಿಯ ಹೆಸರಿದ್ದಂತೆ. ಕೊನೆಯದು ಮನೆಯ ಸಂಖ್ಯೆ. ಕೇರಿ ಒಂದೇ ಆಗಿರಬೇಕು, ಮನೆಗಳು ಬೇರೆಯಾಗಿರಬೇಕು. ಆಗ ಮಾತ್ರ ಒಂದರ ಮಾತು ಇನ್ನೊಂದಕ್ಕೆ ತಲುಪುತ್ತದೆ.

ಈ ಹಂತದಲ್ಲಿ ಒಂದು ಪ್ರಶ್ನೆ ಎದ್ದಿತು. ಡಿಸ್ಕ್ ಯಾವ ಕ್ಷಣದಲ್ಲಾದರೂ ನಿಂತುಹೋಗಬಹುದು. ಹಾಗಿರುವಾಗ ಮೊದಲು ಉಳಿಸಬೇಕಾದುದು ಯಾವುದನ್ನು? ಮುಖ್ಯೋಪಾಧ್ಯಾಯರಿಗೆ ಅಂಕಪಟ್ಟಿಗಳ ಚಿಂತೆ. ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವರು ಅವರೇ ಅಲ್ಲವೇ! ಅವರು ತುಸು ಹೊತ್ತು ಯೋಚಿಸಿ, ಬೀರುವಿನಲ್ಲಿದ್ದ ದಪ್ಪ ದಫ್ತರಗಳ ಕಡೆ ನೋಡಿ, "ಅಂಕಗಳು ಅಲ್ಲಿಯೂ ಇವೆ. ಬೇಕಾದರೆ ಕುಳಿತು ಮತ್ತೆ ಬರೆಯೋಣ. ಬೇರೆಲ್ಲಿಯೂ ಇಲ್ಲದುದನ್ನು ಮೊದಲು ತೆಗೆಯಿರಿ" ಎಂದರು. ಹಾಡುಗಳ ಫೋಲ್ಡರನ್ನು ಮಾತ್ರ ಹಂಚಿಕೆಗೆ ತೆರೆದಿಟ್ಟರು.

ಹಾಡುಗಳ ಒಟ್ಟು ಗಾತ್ರ ಸುಮಾರು 15 ಗಿಗಾಬೈಟ್, ಎಂದರೆ 15,000 ಮೆಗಾಬೈಟ್. ಕೇಬಲಿನ ವೇಗ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದುದರಿಂದ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಮಕ್ಕಳು ಭಾಗಿಸಿ ನೋಡಿ ಇಪ್ಪತ್ತು ನಿಮಿಷ ಸಾಕೆಂದರು. ಆದರೆ ಓದುವ ಮುಳ್ಳೇ ತಡವರಿಸುವಾಗ ಕೇಬಲಿನ ವೇಗ ಏನು ಮಾಡೀತು? ಒಂದೇ ಬಾರಿಗೆ ಎಲ್ಲವನ್ನೂ ಎಳೆದರೆ ಕೆಟ್ಟ ಕಡತವೊಂದರಲ್ಲಿ ಕೆಲಸವೆಲ್ಲ ಸಿಕ್ಕಿಕೊಂಡೀತೆಂದು ಹತ್ತು ಹತ್ತಾಗಿ ಕಳುಹಿಸಿದರು. ಇಪ್ಪತ್ತು ನಿಮಿಷದ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು.

ಕಾಯುವ ಬೇಸರವನ್ನು ನೀಗಲು ಅಧ್ಯಾಪಕರು ಹಿಂದಿನ ಕಥೆಯನ್ನು ಹೇಳಿದರು. 1965ರಲ್ಲಿ ಅಮೆರಿಕದಲ್ಲಿ ಥಾಮಸ್ ಮ್ಯಾರಿಲ್ ಮತ್ತು ಲಾರೆನ್ಸ್ ರಾಬರ್ಟ್ಸ್ ಎಂಬುವರು ಪೂರ್ವ ತೀರದ ಮ್ಯಾಸಚೂಸೆಟ್ಸಿನ ಒಂದು ಕಂಪ್ಯೂಟರನ್ನು ಪಶ್ಚಿಮ ತೀರದ ಕ್ಯಾಲಿಫೋರ್ನಿಯದ ಇನ್ನೊಂದಕ್ಕೆ ದೂರವಾಣಿಯ ತಂತಿಯ ಮೂಲಕ ಜೋಡಿಸಿದರು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರಕ್ಕೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟಾಗ, ಮೊದಲಿನ ಎರಡು ಅಕ್ಷರಗಳು ತಲುಪುವಷ್ಟರಲ್ಲಿ ಆಚೆಯ ವ್ಯವಸ್ಥೆ ಕುಸಿದುಬಿದ್ದಿತು. ಸುಮಾರು ಒಂದು ಗಂಟೆಯ ಬಳಿಕ ಮತ್ತೆ ಯತ್ನಿಸಿ ಗೆದ್ದರು. 1973ರಲ್ಲಿ ರಾಬರ್ಟ್ ಮೆಟ್ಕಾಫ್ ಎಂಬುವರು ಒಂದೇ ಕಟ್ಟಡದ ಯಂತ್ರಗಳನ್ನು ಜೋಡಿಸುವ ವಿಧಾನವನ್ನು ರೂಪಿಸಿ, ಬೆಳಕನ್ನು ಹೊತ್ತೊಯ್ಯುವುದೆಂದು ಹಿಂದಿನ ವಿಜ್ಞಾನಿಗಳು ಕಲ್ಪಿಸಿದ್ದ 'ಈಥರ್' ಎಂಬ ಮಾಧ್ಯಮದ ನೆನಪಿನಲ್ಲಿ ಅದನ್ನು ಈಥರ್ನೆಟ್ ಎಂದು ಕರೆದರು. ಮೇಜಿನ ಮೇಲೆ ಬಿದ್ದಿದ್ದ ಆ ಸಣ್ಣ ಕೇಬಲ್ ಅದೇ ವಂಶದ ಕುಡಿ.

ಸಂಜೆಯ ವೇಳೆಗೆ ಲೆಕ್ಕ ಹಾಕಿದಾಗ 303 ಹಾಡುಗಳು ಕ್ಷೇಮವಾಗಿ ಬಂದಿದ್ದವು. ಒಂಬತ್ತು ಹಾಡುಗಳನ್ನು ಎಷ್ಟು ಸಲ ಪ್ರಯತ್ನಿಸಿದರೂ ಓದಲಾಗಲಿಲ್ಲ. ಅಂಕಪಟ್ಟಿಗಳ ಸರದಿ ಬರುವಷ್ಟರಲ್ಲಿ ಡಿಸ್ಕ್ ಸಂಪೂರ್ಣ ನಿಂತುಹೋಯಿತು. ಕಚೇರಿಯಲ್ಲಿ ಮಳೆಯ ಸದ್ದೊಂದೇ ಉಳಿಯಿತು.

ಅಲ್ಲಿಯವರೆಗೆ ಸುಮ್ಮನಿದ್ದ ಆ ಹುಡುಗಿ ಮೆಲ್ಲಗೆ ಪಟ್ಟಿಯನ್ನು ಕೇಳಿ ಪಡೆದಳು. ಅವಳ ಅಜ್ಜಿ ಆ ಸಂಗ್ರಹಕ್ಕೆ ಎರಡು ಪದಗಳನ್ನು ಹಾಡಿದ್ದರು. ಅಜ್ಜಿ ತೀರಿಕೊಂಡು ಆಗಲೇ ನಾಲ್ಕು ವರ್ಷಗಳಾಗಿದ್ದವು. ಒಂದು ಪದ ಉಳಿದಿತ್ತು. ಬೀಸುವ ಪದ ಕಳೆದುಹೋದ ಒಂಬತ್ತರಲ್ಲಿ ಸೇರಿತ್ತು. ಉಳಿದುದನ್ನು ಹಾಕಿ ಕೇಳಿಸಿದರು. ಅಜ್ಜಿಯ ಧ್ವನಿ, ನಡುವೆ ಒಂದು ಕೆಮ್ಮು, ಹಿನ್ನೆಲೆಯಲ್ಲಿ ಯಾವುದೋ ಕರುವಿನ ಕೂಗು. ಹುಡುಗಿ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದಳು. ಆಮೇಲೆ, "ಸಾರ್, ಆ ಬೀಸುವ ಪದ ನಮ್ಮ ಅಮ್ಮನಿಗೆ ಬರುತ್ತದೆ. ಅಜ್ಜಿಯ ಜೊತೆ ಬೀಸುಕಲ್ಲಿನ ಮುಂದೆ ಕೂತು ಕಲಿತದ್ದಂತೆ. ನಾಳೆ ಕರೆದುಕೊಂಡು ಬರಲೇ?" ಎಂದಳು.

ಮನೆಯ ಹೆಪ್ಪು ಕೆಟ್ಟ ದಿನ ಜಾಣ ಗೃಹಿಣಿ ಗಾಬರಿಪಡುವುದಿಲ್ಲ. ಹಿಂದೆ ತಾನು ಹೆಪ್ಪು ಕೊಟ್ಟ ಮನೆಯ ಬಾಗಿಲಿಗೇ ಬಟ್ಟಲನ್ನು ಕಳುಹಿಸುತ್ತಾಳೆ. ಕೊಟ್ಟುದೇ ಉಳಿತಾಯವಾಗಿ ಮರಳಿ ಬರುತ್ತದೆ. ಅಜ್ಜಿ ಮಗಳಿಗೆ ಕೊಟ್ಟಿದ್ದರಿಂದ ಆ ಪದ ಉಳಿಯಿತು. ಪೆಟ್ಟಿಗೆಯೊಂದರಲ್ಲಿಯೇ ಇದ್ದಿದ್ದರೆ ಡಿಸ್ಕಿನೊಡನೆ ಅಳಿಯುತ್ತಿತ್ತು. ಮರುದಿನ ಭಾನುವಾರವಾದರೂ ಶಾಲೆಯ ಬಾಗಿಲು ತೆರೆದಿತ್ತು. ತಾಯಿ ಸಂಕೋಚದಿಂದ ಸೆರಗನ್ನು ಸರಿಪಡಿಸಿಕೊಂಡು ಹಾಡಿದರು. ಈ ಬಾರಿ ಆ ಹಾಡನ್ನು ಒಂದೆಡೆ ಇಟ್ಟು ಯಾರೂ ಸುಮ್ಮನಾಗಲಿಲ್ಲ. ಶಾಲೆಯಲ್ಲಿ ಒಂದು ಪ್ರತಿ, ನಿವೃತ್ತ ಮೇಷ್ಟ್ರ ಮನೆಯಲ್ಲಿ ಒಂದು, ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು. ನಾಲ್ಕನೆಯದು ಯಾವ ಯಂತ್ರದಲ್ಲಿಯೂ ಇಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ತಾಯಿಯ ಜೊತೆ ಪಲ್ಲವಿಯನ್ನು ಗುನುಗುತ್ತ ನಡೆದ ಆ ಹುಡುಗಿಯ ಕಂಠದಲ್ಲಿದೆ.